ಬೆಣಚುಕಲ್ಲು ಮತ್ತು ತುಮಕೂರಿನ ಗಡಿಯಾರ

ಮಧುಗಿರಿ ಬೆಟ್ಟದ ಬುಡದಲ್ಲಿ ಸಿಗುವ ಬಿಳಿ ಬೆಣಚುಕಲ್ಲುಗಳನ್ನು ಕತ್ತಲಲ್ಲಿ ಒಂದಕ್ಕೊಂದು ಉಜ್ಜಿ ಬೆಳಕು ನೋಡಿದವನು ಈ ಶಾಲೆಯಲ್ಲಿ ನಾನೊಬ್ಬನೇ ಅಲ್ಲ. ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಗೆಳೆಯರಿಗೂ ಆ ಆಟ ಗೊತ್ತಿತ್ತು. ಆದರೆ ಆ ಕಲ್ಲಿನ ಚರಿತ್ರೆಯ ಒಂದು ಅಧ್ಯಾಯ ನಮ್ಮ ಜಿಲ್ಲೆಯಲ್ಲೇ ನಡೆದಿತ್ತೆಂಬುದು ನನಗೆ ಅರ್ಥವಾದದ್ದು ಬಿ.ಇ. ಮುಗಿದ ಮೇಲೆ.

ಬೆಣಚುಕಲ್ಲು ಎಂದರೆ ಕ್ವಾರ್ಟ್ಜ್. ಇಂಥ ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಕಂಡುಕೊಂಡರು. ಇದೇ ಪೀಜೋ ವಿದ್ಯುತ್. ವಿದ್ಯುತ್ ಕೊಟ್ಟರೆ ಹರಳು ಅದುರುತ್ತದೆ ಎಂಬುದೂ ಮರುವರ್ಷವೇ ಖಚಿತವಾಯಿತು. ಅತಿ ವೇಗವಾಗಿ ಅದುರಿದರೆ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿ ಹೊರಡುತ್ತದೆ. ಅದರ ಮರುದನಿ ಬಂದು ತಾಗಿದಾಗ ಹರಳೇ ಸುಳಿವು ಕೊಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜವೆನ್ ಜಲಾಂತರ್ಗಾಮಿಗಳ ಪತ್ತೆಗೆ ಇದನ್ನೇ ಬಳಸಿದ.

ದ್ರವದೊಳಗೆ ಕ್ವಾರ್ಟ್ಜ್ ಅದುರಿಸಿ ಎಬ್ಬಿಸಿದ ಅಲೆಗಳ ಮೂಲಕ ಹಾದ ಬೆಳಕು ಹಲವು ಕವಲಾಗುವುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನವರು ಕಂಡಿದ್ದರು. ಹಾಗೇಕೆ ಎಂಬ ಲೆಕ್ಕವನ್ನು 1935–36ರಲ್ಲಿ ಬಿಡಿಸಿಟ್ಟವರು ಬೆಂಗಳೂರಿನ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. ಲೋಕ ಅದನ್ನು ಇಂದಿಗೂ ರಾಮನ್–ನಾಥ್ ಸಿದ್ಧಾಂತ ಎನ್ನುತ್ತದೆ. ನಾವು ಪಾಠದಲ್ಲಿ ಓದಿದ್ದು ರಾಮನ್ ಪರಿಣಾಮ ಮಾತ್ರ.

ನಮ್ಮ ಜಿಲ್ಲೆಗೆ ಈ ವಿಜ್ಞಾನ ಬಂದದ್ದು ಕೈಗಡಿಯಾರದ ರೂಪದಲ್ಲಿ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ 1978ರದು. 1985ರಲ್ಲಿ ಅದರ ಒಂದು ಭಾಗ ಕ್ವಾರ್ಟ್ಜ್ ಗಡಿಯಾರಗಳಿಗೆ ತಿರುಗಿತು. ನಮ್ಮ ಸೋದರಮಾವ ಅಲ್ಲಿ ಕೆಲಸಕ್ಕಿದ್ದರು. ಊರಿಗೆ ಬಂದಾಗ ಗಡಿಯಾರದ ಹಿಂದಿನ ಮುಚ್ಚಳ ಬಿಚ್ಚಿ ತೋರಿಸುತ್ತಿದ್ದರು. ಒಳಗಿನ ಹರಳು ಬೆಟ್ಟದ್ದಲ್ಲ, ಕೃತಕವಾಗಿ ಬೆಳೆಸಿದ್ದು. ಸೆಕೆಂಡಿಗೆ 32,768 ಸಲ ಅದುರುತ್ತದೆ. ಅದನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಇಷ್ಟು ವರ್ಷವಾದರೂ ಇದಕ್ಕಿಂತ ಚೆಂದದ ಲೆಕ್ಕ ನಾನು ಕಂಡಿಲ್ಲ.

“ಬೆಟ್ಟದ ತುಂಬ ಇದೇ ಕಲ್ಲಿದೆಯಲ್ಲ ಮಾವ, ಅದ್ಯಾಕೆ ಕರೆಂಟ್ ಕೊಡಲ್ಲ?” ಎಂದು ಒಮ್ಮೆ ಕೇಳಿದ್ದೆ. ಅವರಿಗೆ ಗೊತ್ತಿರಲಿಲ್ಲ. ಉತ್ತರ ಇಷ್ಟೇ: ಗ್ರಾನೈಟಿನೊಳಗಿನ ಕ್ವಾರ್ಟ್ಜ್ ಕಣಗಳು ದಿಕ್ಕಿಗೊಂದರಂತೆ ಮುಖ ಮಾಡಿವೆ, ಒಂದು ಹುಟ್ಟಿಸಿದ ವಿದ್ಯುತ್ತನ್ನು ಇನ್ನೊಂದು ಅಳಿಸುತ್ತದೆ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದಲ್ಲಿ, ಕಾರಿನ ಹಿಂಬದಿಯ ಸೆನ್ಸರಿನಲ್ಲಿ ಬಳಸುವ ಪೀಜೋ ಪಿಂಗಾಣಿಗಳಲ್ಲೂ ಕಣಗಳು ಮೊದಲು ಹೀಗೆಯೇ ಚದುರಿರುತ್ತವೆ. ಆದರೆ ಬಲವಾದ ವೋಲ್ಟೇಜ್ ಕೊಟ್ಟು ಅವುಗಳ ಒಳಗಿನ ದಿಕ್ಕನ್ನು ಒಂದೆಡೆಗೆ ತಿರುಗಿಸಬಹುದು. ಬೆಣಚುಕಲ್ಲಿಗೆ ಆ ಗುಣವಿಲ್ಲ. 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಜೀವ್ ರಂಜನ್ ಅವರ ತಂಡ, ವಿದ್ಯುತ್ ಕೊಟ್ಟಾಗ ಶೇ. 1ಕ್ಕೂ ಹೆಚ್ಚು ಹಿಗ್ಗುವ ಇಂಥ ವಸ್ತುವನ್ನು ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ವರದಿ ಮಾಡಿತು. ಸಾಮಾನ್ಯ ಪಿಂಗಾಣಿಗಳ ಹಿಗ್ಗು ಅದಕ್ಕಿಂತ ತೀರ ಕಡಿಮೆ.

ಅಷ್ಟರಲ್ಲಿ ತುಮಕೂರಿನ ಕಾರ್ಖಾನೆ ಇರಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಆ ಜಾಗ ಮುಂದೆ ಇಸ್ರೋಗೆ ಹೋಯಿತು. ಉತ್ತರ ಸಿಕ್ಕ ದಿನ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಸ್ಕೂಲಿನ ಹುಡುಗರಿಗೂ ಇದನ್ನ ಹೇಳಪ್ಪ” ಅಂದರು.