ಎರಡು ಊರುಗಳ ತೋಟ, ಮೃಗಾಲಯ, ಮ್ಯೂಸಿಯಂ

ಮಕ್ಕಳೇ. ಮಕ್ಕಳೇ ಅಂದೆನೆಂದು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಎನ್‌ಎಸ್ ಮುಗಿಸಿದವರಿದ್ದೀರಿ, ಕೆಲಸಕ್ಕೆ ಹೋಗುವವರೂ ಇದ್ದೀರಿ, ಗೊತ್ತು. ಆದರೆ ನೀವೆಲ್ಲ ನನ್ನನ್ನು ಆಂಟಿ ಅನ್ನುತ್ತೀರಲ್ಲ, ಆ ಸಲಿಗೆ.

ಇವತ್ತಿನ ಮಾತು ತರಕಾರಿಯಿಂದ ಶುರು. ಅಮ್ಮನ ಜೊತೆ ಟೆಕ್ಕಾ ಮಾರ್ಕೆಟ್ಟಿಗೆ ಹೋದಾಗ ತಿಳಿಹಸಿರು ಬಣ್ಣದ, ತುದಿಯಲ್ಲಿ ಮಡಿಕೆ ಬಿದ್ದ ಒಂದು ಕಾಯಿ ನೋಡಿರುತ್ತೀರಿ. ಹುಳಿಗೂ ಪಲ್ಯಕ್ಕೂ ಹಾಕುತ್ತೇವೆ. ನಾವು ಅದಕ್ಕೆ ಸೀಮೆಬದನೆಕಾಯಿ ಅನ್ನುತ್ತೇವೆ, ಅಂದರೆ ಪರದೇಶದ ಬದನೆಕಾಯಿ. ತಮಿಳು ಅಂಗಡಿಯವರು ಅದನ್ನೇ ಬೆಂಗಳೂರು ಕತ್ತರಿಕ್ಕಾಯ್ ಅನ್ನುತ್ತಾರೆ, ಅಂದರೆ ನಮ್ಮೂರಿನ ಬದನೆಕಾಯಿ. ನಿಜ ಹೇಳಬೇಕೆಂದರೆ ಅದು ಬದನೆಯ ಜಾತಿಯೇ ಅಲ್ಲ, ಸೌತೆ-ಕುಂಬಳದ ಬಳಗ. ತವರು ಮೆಕ್ಸಿಕೊ ಕಡೆ. ಬೆಂಗಳೂರಿನ ಹೆಸರು ಅದಕ್ಕೆ ಅಂಟಿಕೊಂಡದ್ದು ಲಾಲ್‌ಬಾಗ್‌ನಿಂದ. 1874ರಿಂದ 1908ರವರೆಗೆ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಅದನ್ನು ತರಿಸಿ ಬೆಳೆಸಿದರು ಅನ್ನುತ್ತಾರೆ.

ಲಾಲ್‌ಬಾಗ್ ಅಂದರೆ ನಿಮಗೆ ಫ್ಲವರ್ ಶೋ, ಗಾಜಿನ ಮನೆ, ಅಜ್ಜಿ ಕೊಡಿಸಿದ ಜೋಳ. ಆದರೆ ಅಂಥ ತೋಟಗಳನ್ನು ಮಾಡಿದ್ದು ಬರೀ ಗಾಳಿ ಸೇವನೆಗಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿದಾಗ ಅದು ರಾಜನ ತೋಟ. ಮಗ ಟಿಪ್ಪು ದೂರದೂರದ ದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾದಾಗ ಲೆಕ್ಕಾಚಾರ ಬದಲಾಯಿತು. ಯಾವ ಗಿಡ ಯಾವ ಮಣ್ಣಿನಲ್ಲಿ ಬರುತ್ತದೆ, ಯಾವುದರಿಂದ ದುಡ್ಡು ಹುಟ್ಟುತ್ತದೆ ಎಂದು ಪರೀಕ್ಷೆ ಮಾಡುವ ಜಾಗವಾಯಿತು. ಲಂಡನ್ನಿನ ಕ್ಯೂ ಉದ್ಯಾನ ಯಜಮಾನನ ಮನೆ, ಉಳಿದ ತೋಟಗಳು ಅದರ ಶಾಖೆಗಳು.

ಸಿಂಗಾಪುರದ ಬೊಟಾನಿಕ್ ಗಾರ್ಡನ್ಸ್ ಕಥೆಯೂ ಹೆಚ್ಚುಕಡಿಮೆ ಇದೇ. 1822ರಲ್ಲಿ ರ‍್ಯಾಫಲ್ಸ್ ಇವತ್ತಿನ ಫೋರ್ಟ್ ಕ್ಯಾನಿಂಗ್ ಗುಡ್ಡದ ಮೇಲೆ ಜಾಯಿಕಾಯಿ, ಲವಂಗದ ತೋಟ ಮಾಡಿಸಿದ. ಏಳೇ ವರ್ಷಕ್ಕೆ ಅದು ಮುಚ್ಚಿತು. ಈಗ ಟ್ಯಾಂಗ್ಲಿನ್ ಕಡೆ ಇರುವ ತೋಟ 1859ರದ್ದು. 1877ರಲ್ಲಿ ಕ್ಯೂನಿಂದ ಇಲ್ಲಿಗೆ 22 ರಬ್ಬರ್ ಸಸಿಗಳು ಬಂದವು. ಹನ್ನೊಂದು ವರ್ಷದ ಮೇಲೆ ಬಂದ ಹೆನ್ರಿ ರಿಡ್ಲಿ ಮರಕ್ಕೆ ಏಟಾಗದಂತೆ ತೊಗಟೆ ಕೆತ್ತಿ ಹಾಲು ಇಳಿಸುವ ವಿಧಾನ ಕಂಡುಹಿಡಿದ. ತೋಟದ ಮಾಲೀಕರು ಕಂಡಲ್ಲೆಲ್ಲ ಜೇಬಿಗೆ ರಬ್ಬರ್ ಬೀಜ ತುರುಕಿ ಕಳಿಸುತ್ತಿದ್ದನಂತೆ. ಜನ ಅವನಿಗೆ ಹುಚ್ಚು ರಿಡ್ಲಿ ಎಂದು ಹೆಸರಿಟ್ಟರು. ಮುಂದೆ ಮೋಟಾರು ಗಾಡಿಗಳು ಬಂದವು, ಟೈರು ಬೇಕಾಯಿತು, ಮಲಯದ ಉದ್ದಕ್ಕೂ ರಬ್ಬರ್ ತೋಟಗಳಾದವು. ಆ ತೋಟಗಳಲ್ಲಿ ದುಡಿಯಲು ಹಡಗಿನಲ್ಲಿ ಬಂದ ಕೂಲಿಗಳಲ್ಲಿ ಬಹಳ ಮಂದಿ ದಕ್ಷಿಣ ಭಾರತದವರು. 2015ರಲ್ಲಿ ಯುನೆಸ್ಕೊ ಆ ತೋಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲ ಖುಷಿಪಟ್ಟೆವು. ಖುಷಿಪಡಬೇಕಾದದ್ದೇ. ಹುಲ್ಲಿನ ಮೇಲೆ ಚಾಪೆ ಹಾಸಿ ಪುಳಿಯೋಗರೆ ತಿನ್ನುವಾಗ ಆ ಕೂಲಿಗಳನ್ನೂ ಒಮ್ಮೆ ನೆನೆದರೆ ತಪ್ಪೇನಿಲ್ಲ.

ಇನ್ನು ಮೃಗಾಲಯ. ತೋಟ, ಮೃಗಾಲಯ, ಮ್ಯೂಸಿಯಂ ಈಗ ಮೂರು ಬೇರೆ ಟಿಕೆಟ್ಟು, ಮೂರು ಬೇರೆ ಭಾನುವಾರ. ಆಗ ಇವು ಒಂದೇ ಮನೆಯ ಮಕ್ಕಳು. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರು ಮದರಾಸಿನ ಮ್ಯೂಸಿಯಂ ಕಟ್ಟಿದಾಗ ಅಲ್ಲೇ ಜೀವಂತ ಹುಲಿಮರಿ, ಚೀತಾ ಇಟ್ಟಿದ್ದರು. ಜನ ಮುಗಿಬಿದ್ದರು, ಅದೇ ಬೆಳೆದು ಮದರಾಸಿನ ಮೃಗಾಲಯವಾಯಿತು. ಇದೇ ಬಾಲ್ಫರ್ ಸಲಹೆಯಂತೆ 1865ರಲ್ಲಿ ಬೆಂಗಳೂರಿನ ಮ್ಯೂಸಿಯಂ ಕೂಡ ಶುರುವಾಯಿತು. ಲಾಲ್‌ಬಾಗ್ ಒಳಗೂ ಆ ಶತಮಾನದಲ್ಲಿ ಒಂದು ಪುಟ್ಟ ಮೃಗಾಲಯವಿತ್ತು. ಅದು ಹೋಯಿತು, ಹಳೆಯ ಪಾರಿವಾಳದ ಮನೆ ಉಳಿಯಿತು.

ನಮ್ಮ ಬೊಟಾನಿಕ್ ಗಾರ್ಡನ್ಸ್ ಒಳಗೂ 1875ರಿಂದ ಮೃಗಾಲಯವಿತ್ತು ಎಂದರೆ ನಂಬುತ್ತೀರಾ? ಘೇಂಡಾಮೃಗ, ಕಾಂಗರೂ, ಎಮು ಎಲ್ಲ ಇದ್ದವು. ಹೆಚ್ಚಿನವು ಯಾರೋ ದೊಡ್ಡವರು ಉಡುಗೊರೆಯಾಗಿ ಕೊಟ್ಟವು. ಉಡುಗೊರೆ ಕೊಡುವುದು ಸುಲಭ, ದಿನಾ ಮೇವು ಹಾಕುವವರು ಯಾರು? ಖರ್ಚು ತೂಗದೆ ದೊಡ್ಡ ಪ್ರಾಣಿಗಳನ್ನು ಮೊದಲು ಕಳಿಸಿದರು, 1905ಕ್ಕೆ ಪೂರ್ತಿ ಮುಚ್ಚಿದರು. ವುಡ್‌ಲ್ಯಾಂಡ್ಸ್‌ನಲ್ಲಿರುವ ನಮಗೆ ಮಂಡಾಯ್ ಪಕ್ಕದ ಮನೆಯಿದ್ದಂತೆ. ಅಲ್ಲಿಯ ಮೃಗಾಲಯ ತೆರೆದದ್ದು 1973ರಲ್ಲಿ. ಹಳೆಯದಕ್ಕೂ ಹೊಸದಕ್ಕೂ ನಡುವೆ 68 ವರ್ಷ.

ಮ್ಯೂಸಿಯಂ ಕಥೆ ಇನ್ನೂ ಸ್ವಾರಸ್ಯ. ಸ್ಟ್ಯಾಮ್‌ಫರ್ಡ್ ರಸ್ತೆಯ ಬಿಳಿ ಗುಮ್ಮಟದ ನ್ಯಾಷನಲ್ ಮ್ಯೂಸಿಯಂ 1887ರಲ್ಲಿ ತೆರೆದಾಗ ಅದರ ಹೆಸರು ರ‍್ಯಾಫಲ್ಸ್ ಮ್ಯೂಸಿಯಂ. ಒಳಗೆ ಮುಖ್ಯವಾಗಿ ಹಕ್ಕಿ, ಹಾವು, ಮೀನು, ಚಿಟ್ಟೆ. 1892ರಲ್ಲಿ ಮಲಾಕ್ಕಾ ಹತ್ತಿರ ದಡಕ್ಕೆ ಬಂದು ಸತ್ತ ತಿಮಿಂಗಿಲದ ಅಸ್ಥಿಪಂಜರವನ್ನು 1907ರಿಂದ ಅಲ್ಲಿ ತೂಗುಹಾಕಿದ್ದರು. ಈಗ ಅರವತ್ತು ದಾಟಿದ ಸಿಂಗಾಪುರದವರನ್ನು ಕೇಳಿ, ಶಾಲೆಯಿಂದ ಹೋಗಿ ನೋಡಿದ ತಿಮಿಂಗಿಲವನ್ನು ಅವರು ಮರೆತಿರುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮ್ಯೂಸಿಯಂನಲ್ಲಿ ದೇಶದ ಇತಿಹಾಸ ಮತ್ತು ಕಲೆ ಇರಲಿ, ಸತ್ತ ಹಕ್ಕಿಗಳೇಕೆ ಎಂದಾಯಿತು. 1972ರಲ್ಲಿ ಪ್ರಾಣಿಗಳ ಸಂಗ್ರಹವನ್ನೆಲ್ಲ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ದಾಟಿಸಿದರು. 1974ರಲ್ಲಿ ತಿಮಿಂಗಿಲವನ್ನು ಮಲೇಷ್ಯಾಕ್ಕೆ ಕೊಟ್ಟುಬಿಟ್ಟರು. ಉಳಿದ ಸಂಗ್ರಹ ಬಾಡಿಗೆ ಮನೆಯ ಸಂಸಾರದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಲವು ವರ್ಷ ಅಲೆಯಿತು. ಎಸಿ ಇಲ್ಲದ ಕಡೆ ಈ ಊರಿನ ಸೆಕೆ, ತೇವದಲ್ಲಿ ಒಣಗಿಸಿಟ್ಟ ಹಕ್ಕಿಯ ಚರ್ಮಕ್ಕೆ ಬೂಸು ಹಿಡಿಯಲು ಎಷ್ಟು ದಿನ ಬೇಕು? ನಮ್ಮ ರೇಷ್ಮೆ ಸೀರೆಗಳ ಗತಿ ಗೊತ್ತಲ್ಲ. ಅವುಗಳನ್ನು ಆ ಅಲೆದಾಟದಲ್ಲಿ ಕಾಪಾಡಿದವರಲ್ಲಿ ಯಾಂಗ್ ಚಾಂಗ್ ಮ್ಯಾನ್ ಎಂಬ ಕ್ಯುರೇಟರ್ ಮುಖ್ಯರು. ಯುದ್ಧ ಗೆದ್ದವರ ಹೆಸರು ಶಾಲೆಯ ಪುಸ್ತಕದಲ್ಲಿರುತ್ತದೆ. ಪೆಟ್ಟಿಗೆಗಳನ್ನು ಎಣಿಸಿ, ಒರೆಸಿ, ಚೀಟಿ ಅಂಟಿಸಿ ಇಟ್ಟವರ ಹೆಸರೂ ಇರಬೇಕು ಅಂತ ನನ್ನ ಅಭಿಪ್ರಾಯ. 2015ರಲ್ಲಿ ಎನ್‌ಯುಎಸ್ ಆವರಣದಲ್ಲಿ ಲೀ ಕಾಂಗ್ ಚಿಯಾನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತೆರೆದಾಗ ಅವಕ್ಕೆ ಕೊನೆಗೂ ಸ್ವಂತ ಮನೆ ಸಿಕ್ಕಿತು. ಅದೇ ವರ್ಷ ಜುರಾಂಗ್ ದ್ವೀಪದ ಬಳಿ ಒಂದು ತಿಮಿಂಗಿಲ ಸತ್ತು ತೇಲಿಬಂತು. ಅದರ ಅಸ್ಥಿಪಂಜರ ಈಗ ಅಲ್ಲಿದೆ.

ನಾನು ನಿಜವಾಗಿ ಹೇಳಬೇಕೆಂದಿದ್ದು ಎರಡು ಕಲ್ಲುಗಳ ವಿಷಯ. ಒಂದು ಇಲ್ಲಿಯದು, ಒಂದು ಬೆಂಗಳೂರಿನದು.

ಸಿಂಗಾಪುರ ನದಿಯ ಬಾಯಲ್ಲಿ, ಈಗ ಫುಲರ್ಟನ್ ಹೋಟೆಲ್ ಇರುವ ಆಸುಪಾಸು, ಆಳುದ್ದಕ್ಕಿಂತ ದೊಡ್ಡದಾದ ಒಂದು ಬಂಡೆಯಿತ್ತು. ಅದರ ಮೇಲೆ ಸುಮಾರು 50 ಸಾಲು ಬರಹ. 1819ರಲ್ಲಿ ಕಾಡು ಕಡಿಯುವಾಗ ಕಣ್ಣಿಗೆ ಬಿತ್ತು. ಯಾರಿಗೂ ಓದಲು ಬರಲಿಲ್ಲ. 1843ರಲ್ಲಿ ನದಿಯ ಬಾಯಿ ಅಗಲ ಮಾಡಲು ಸರ್ಕಾರದ ಎಂಜಿನಿಯರ್ ಅದನ್ನು ಸಿಡಿಮದ್ದಿಟ್ಟು ಒಡೆಸಿದ. ಕೆಲವು ಚೂರುಗಳನ್ನು ಆರಿಸಿ ಕಲ್ಕತ್ತಾ ಮ್ಯೂಸಿಯಂಗೆ ಕಳಿಸಿದರು. ಅಲ್ಲಿಂದ ವಾಪಸು ಬಂದ ಒಂದು ಚೂರು ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಸಿಂಗಾಪುರ್ ಸ್ಟೋನ್ ಅಂದರೆ ಅದೇ. ಅದರ ಮೇಲಿರುವುದು ಯಾವ ಭಾಷೆ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಪೂರ್ತಿ ಇದ್ದಿದ್ದರೆ ಯಾರಾದರೂ ಓದುತ್ತಿದ್ದರೇನೋ.

ಬೆಂಗಳೂರಿನ ಮ್ಯೂಸಿಯಂ 1877ರಿಂದ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದಲ್ಲಿದೆ. ಅಲ್ಲಿರುವ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 950ರ ಹೊತ್ತಿನದು. ತಕ್ಕೋಲ ಎಂಬಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಕಡೆಯಿದ್ದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೊಡಿ ಅಂದ. ಆಮೇಲೆ ಒಂದು ದಿನ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ ಕಾಳಿಯೂ ಹಂದಿಯೂ ಸತ್ತವು. ಆ ನಾಯಿಯ ನೆನಪಿಗೆ ಅವನು ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಜಮೀನು ಬಿಟ್ಟ. ಪೂಜಾರಿ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಗಲುತ್ತದೆ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ ಹಂದಿ ಕಾದುವ ಚಿತ್ರವಿದೆ. ರಾಷ್ಟ್ರಕೂಟ, ಗಂಗ, ಚೋಳರ ಇತಿಹಾಸ ಬರೆಯುವವರು ಈಗಲೂ ಈ ನಾಯಿಯ ಕಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಎಂಎ ಓದುವಾಗ ನಾನು ಈ ಶಾಸನವನ್ನು ಪರೀಕ್ಷೆಗೆಂದು ಓದಿದ್ದೆ, ಅಚ್ಚಾದ ಪಾಠದಲ್ಲಿ. ಕಲ್ಲು ಅದೇ ಊರಿನಲ್ಲಿತ್ತು, ಹೋಗಿ ನೋಡಲಿಲ್ಲ. ನೋಡಿದ್ದು ಸಿಂಗಾಪುರದಿಂದ ರಜೆಗೆ ಹೋದಾಗ, ಮಗಳ ಜೊತೆ. ಅವಳು ನಾಯಿಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಕ್ಷರಗಳ ಕಡೆ ತಿರುಗಿ, "ಅಮ್ಮಾ, ಇದನ್ನೂ ಯಾರೂ ಓದೋಕಾಗಲ್ವಾ? ಸಿಂಗಾಪುರ್ ಸ್ಟೋನ್ ತರಹ?" ಅಂದಳು.

ನನಗೆ ಎದೆ ಧಸಕ್ಕೆಂದಿತು. ಆ ಕಲ್ಲನ್ನು ಯಾರೂ ಒಡೆದಿಲ್ಲ. ಸಾವಿರ ವರ್ಷ ಮಳೆ ಬಿಸಿಲು ತಡೆದುಕೊಂಡು ಊರಿಂದ ಊರಿಗೆ ಬಂದು ನಿಂತಿದೆ. ಆದರೂ ನನ್ನ ಮನೆಯಲ್ಲೇ ಅದು ಒಡೆದ ಕಲ್ಲಿನ ಹಾಗೆ ಆಗಿತ್ತು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಕಲಿಸುವುದನ್ನು ಮುಂದಿನ ರಜೆ, ಮುಂದಿನ ರಜೆ ಅಂತ ನಾನೇ ತಳ್ಳುತ್ತಾ ಬಂದಿದ್ದೆ. ಅವಳ ತಪ್ಪೇನೂ ಇರಲಿಲ್ಲ. ನೀವು ಈ ಮಾತನ್ನು ಕೇಳುತ್ತಿದ್ದು ಓದಲು ಬಾರದಿದ್ದರೆ ನಿಮ್ಮದೂ ತಪ್ಪಲ್ಲ.

ಈ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ಉದ್ಯಾನದೊಳಗೇ ನಡೆದು ಹೋಗಿ. ವಿಶ್ವೇಶ್ವರಯ್ಯ ಮ್ಯೂಸಿಯಂ ಪಕ್ಕದ್ದೇ ಕೆಂಪು ಕಟ್ಟಡ. ರಿಪೇರಿಗೆ ಮುಚ್ಚಿರುವುದೂ ಉಂಟು, ಮೊದಲೇ ವಿಚಾರಿಸಿಕೊಳ್ಳಿ. ಹತ್ತನೆಯ ಶತಮಾನದ ಕನ್ನಡ ಅಕ್ಷರ ಈಗಿನದರ ಹಾಗೇ ಇರುವುದಿಲ್ಲ, ನನಗೂ ಸರಾಗವಾಗಿ ಓದಲು ಬರುವುದಿಲ್ಲ. ಫೋಟೊ ತೆಗೆದು ತನ್ನಿ, ಕೂತು ಹುಡುಕೋಣ. ಮಗಳೂ ನಾನೂ ಈಗ ಅದೇ ಮಾಡುತ್ತಿದ್ದೇವೆ, ಕಾಳಿಯ ಹೆಸರು ಯಾವ ಸಾಲಿನಲ್ಲಿದೆ ಅಂತ.