ಡಯಲ್ ಟೋನ್ ಇಲ್ಲವಂತೆ!

ಮಾಲೂರಿನ ಬಸ್ಸಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ರಿಸಲ್ಟ್ ನೋಡುವ ಈಗಿನ ಹುಡುಗರಿಗೆ ಇದು ಅಜ್ಜಿಕತೆ ಅನ್ನಿಸಬಹುದು. 2003ರ ಮೇ ತಿಂಗಳು. ಶ್ರೀನಿವಾಸಪುರ, ಮುಳಬಾಗಿಲು ನಡುವಿನ ನಮ್ಮ ಹಳ್ಳಿ. ತಂಗಿಯ ಸೆಕೆಂಡ್ ಪಿಯುಸಿ ರಿಸಲ್ಟ್ ಬರುವ ದಿನ. ಕಾಲೇಜಿನ ಬೋರ್ಡಿಗೆ ಹಾಕೋದು ಮರುದಿನ. ಆದರೆ ಅವತ್ತು ಸಂಜೆಯೇ ಹುಡುಗನ ಕಡೆಯವರು ಬರುವವರಿದ್ದರು. ‘ಪಾಸಾದ್ರೆ ಕೋಲಾರಕ್ಕೆ ಓದೋಕೆ ಕಳಿಸೋಣ, ಇಲ್ದಿದ್ರೆ ಮಾತು ಮುಗಿಸಿಬಿಡೋಣ’ ಅಂದಿದ್ದರು ದೊಡ್ಡಪ್ಪ.

ನಾನಾಗ ಬಿಇ ಓದುತ್ತಿದ್ದೆ. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡಿದ್ದೆ. ಕಂಪ್ಯೂಟರಿನ ಒಳಗಿದ್ದ ಮೋಡೆಮ್ ಅದಕ್ಕೆ ಕಾಣಲೇ ಇಲ್ಲ. ಅದು ವಿನ್‌ಮೋಡೆಮ್. ಖರ್ಚು ಉಳಿಸಲು ಮೋಡೆಮ್ಮಿನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರಿಗೆ ವಹಿಸಿ ಮಾಡಿದ್ದು. ಲಿನಕ್ಸಿಗೆ ಆ ಡ್ರೈವರ್ ಇರಲಿಲ್ಲ. ಗೆಳೆಯನ ಹತ್ತಿರ ಹೊರಗಿಡುವ ಮೋಡೆಮ್ ಕೇಳಿ ತಂದು ಸೀರಿಯಲ್ ಪೋರ್ಟಿಗೆ ಸಿಕ್ಕಿಸಿದೆ. ಮಿನಿಕಾಮ್ ತೆರೆದು ‘ಎಟಿ’ ಅಂತ ಟೈಪ್ ಮಾಡಿದರೆ ‘ಓಕೆ’ ಅಂದಿತು. 1981ರಲ್ಲಿ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್‌ಗೆ ಕಲಿಸಿದ ಭಾಷೆ ಅದು. ಎಟಿ ಅಂದರೆ ಅಟೆನ್ಷನ್, ‘ಇಲ್ಲಿ ಕೇಳು’ ಅಂತ.

ಡಯಲ್ ಮಾಡಿದರೆ ಮಾತ್ರ ಒಂದೇ ಉತ್ತರ: ‘ನೋ ಡಯಲ್ ಟೋನ್’. ಕೇಬಲ್ ಬಿಚ್ಚಿ ಹಾಕಿದೆ. ಪೋರ್ಟ್ ನೋಡಿದೆ. ಮತ್ತೆ ಅದೇ. ಅಪ್ಪ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ‘ಕೂಗ್ತಾ ಐತಲ್ಲಪ್ಪಾ, ಇನ್ನೇನು ಬೇಕಂತೆ ಅದಕ್ಕೆ?’

ರೋಗ ಸಿಕ್ಕಿದ್ದು ಅಲ್ಲೇ. ಅಮೆರಿಕದ ಡಯಲ್ ಟೋನ್ ಅಂದರೆ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರ ಸೇರಿದ್ದು. ನಮ್ಮ ದೇಶದ್ದು 400 ಹರ್ಟ್ಸ್, ಅದೂ 25 ಹರ್ಟ್ಸ್‌ನಲ್ಲಿ ನಡುಗುವ ಸ್ವರ. ಲೈನು ಸರಿಯಿತ್ತು, ಮೋಡೆಮ್ಮೂ ಸರಿಯಿತ್ತು. ಅದಕ್ಕೆ ನಮ್ಮೂರ ಕೂಗಿನ ಗುರುತಿರಲಿಲ್ಲ, ಅಷ್ಟೇ.

ಆ ಕೂಗು ಹಳ್ಳಿಗೆ ಬಂದದ್ದೇ ದೊಡ್ಡ ಕತೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ, ಎಸಿ ಇಲ್ಲದೆ ಬಿಸಿಲು ಧೂಳು ತಡೆಯುವ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ತಯಾರಿಸಿತು. ಮೊದಲನೆಯದನ್ನು 1986ರಲ್ಲಿ ಹಾಕಿದ್ದು ನಮ್ಮ ಕಿತ್ತೂರಿನಲ್ಲೇ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಅದು ಹರಿದದ್ದೂ ಇಂಥ ಫೋನ್ ತಂತಿಗಳಲ್ಲೇ.

ಮದ್ದು ಮೂರೇ ಅಕ್ಷರ, ಒಂದು ಅಂಕಿ: ಎಟಿಎಕ್ಸ್3. ‘ಟೋನಿಗೆ ಕಾಯಬೇಡ, ಸುಮ್ಮನೆ ಡಯಲ್ ಮಾಡು’ ಅಂತ ಅರ್ಥ. ಅದನ್ನು ಡಬ್ಲ್ಯುವಿಡಯಲ್‌ನ ಫೈಲಿನಲ್ಲಿ ಬರೆದು ಮತ್ತೆ ಓಡಿಸಿದೆ. ಕೀಂ, ಕರ್ರ್, ಟುಯ್ಞ್! ಲೈನು ಸಿಕ್ಕಿತು. ಪುಟ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು. ಫಸ್ಟ್ ಕ್ಲಾಸ್!

ತಂಗಿ ಅಳುತ್ತಾ ಅಡುಗೆಮನೆಗೆ ಓಡಿದಳು. ದೊಡ್ಡಪ್ಪ ಹುಡುಗನ ಕಡೆಯವರಿಗೆ ಹೇಳಿಕಳಿಸಲು ಎದ್ದರು. ಅಪ್ಪ ಮಾತ್ರ ಕಂಪ್ಯೂಟರ್ ಕಡೆ ನೋಡಿ ಅಂದರು: ‘ಆಯ್ತಲ್ಲ, ಇನ್ನು ಅದನ್ನ ಬಿಡಿಸಪ್ಪಾ. ಮಾವಿನ ಮಂಡಿಗೆ ಫೋನ್ ಮಾಡ್ಬೇಕು.’