ಬಿಟ್ಟಿಯ ಬೇರು

ಚಿಂಚೋಳಿ ತಾಲ್ಲೂಕಿನ ಅಂಚಿಗೆ, ತೆಲಂಗಾಣಕ್ಕೆ ಹೊಂದಿಕೊಂಡ ಕುಂಚಾವರಂ ಸೀಮೆಯಲ್ಲಿ ಒಂದೇ ಮಾತು ಎರಡು ವೇಷದಲ್ಲಿ ಓಡಾಡುತ್ತದೆ: ಕನ್ನಡದ ಬಾಯಲ್ಲಿ ಬಿಟ್ಟಿ, ತೆಲುಗಿನ ಬಾಯಲ್ಲಿ ವೆಟ್ಟಿ. ಮರಾಠಿಗೆ ಸರಿದರೆ ಅದೇ ವೇಠ. ಫಾರಸಿಯಿಂದ ಬಂದ ಬೇಗಾರಿ ಇದರ ಜೊತೆಗೂಡಿ ಬಿಟ್ಟಿಬೇಗಾರಿ, ವೇಠಬಿಗಾರ ಎಂಬ ಜೋಡುನುಡಿಗಳೂ ಹುಟ್ಟಿವೆ. ಪುಕ್ಕಟೆ, ಪುಗಸಟ್ಟೆ, ಧರ್ಮಕ್ಕೆ, ಉಚಿತ ಎಂದು ನಮ್ಮಲ್ಲಿ ಎಷ್ಟೇ ಪದಗಳಿದ್ದರೂ ನನಗೆ ಮೋಹ ಬಿಟ್ಟಿಯ ಮೇಲೆಯೇ. 'ಪುಕ್ಕಟೆ ಶಕ್ತಿ' ಕೊಡುತ್ತದೆ ಎನ್ನುವ ಮೋಟಾರುಗಳನ್ನು ಮನೆಯಲ್ಲೇ ಕಟ್ಟಿ ಒರೆಗೆ ಹಚ್ಚುವ ಹವ್ಯಾಸಿಗಳ ಕೆಲಸವನ್ನು ಗಮನಿಸುತ್ತ ಬಂದ ಮೇಲಂತೂ ಅದು ಇನ್ನಷ್ಟು ಬಲಿತಿದೆ.

ಬೇರು ಸಂಸ್ಕೃತದ ವಿಷ್ಟಿ. ದುಡಿಮೆ, ಸೇವೆ, ಅದರಲ್ಲೂ ಬಲವಂತದ ದುಡಿಮೆ. ವಸತಿ ಬಸದಿಯಾದಂತೆ, ವಿಧಿ ಬಿದಿಯಾದಂತೆ ವಕಾರ ಬಕಾರವಾಯಿತು. ದೃಷ್ಟಿ ದಿಟ್ಟಿಯಾದಂತೆ, ಇಷ್ಟಿಕೆ ಇಟ್ಟಿಗೆಯಾದಂತೆ ಷ್ಟ ಕರಗಿ ಟ್ಟ ಆಯಿತು. 'ಬಿಟ್ಟುಕೊಟ್ಟದ್ದು ಬಿಟ್ಟಿ' ಎಂದು ಬಿಡು ಧಾತುವಿಗೆ ಗಂಟುಹಾಕುವ ಜನರ ನಿರುಕ್ತಿ ಸೊಗಸಾಗಿದೆ, ಆದರೆ ಪಕ್ಕದಲ್ಲೇ ನಿಂತ ವೆಟ್ಟಿ, ವೇಠಗಳು ಅದನ್ನು ಒಪ್ಪಗೊಡುವುದಿಲ್ಲ. ಹೊಯ್ಸಳರ ಬಿಟ್ಟಿದೇವನನ್ನೂ ಇಲ್ಲಿಗೆ ಎಳೆಯಬಾರದು, ಆ ಬಿಟ್ಟಿ ವಿಷ್ಣುವಿನ ತದ್ಭವ. ಕೌಟಿಲ್ಯ ವಿಷ್ಟಿಯನ್ನು ರಾಜ್ಯದ ಆದಾಯದ ಲೆಕ್ಕದಲ್ಲೇ ಹಿಡಿಯುತ್ತಾನೆ. ಕ್ರಿ.ಶ. 150ರ ಸುಮಾರಿನ ಜುನಾಗಢದ ಶಾಸನವೋ, ಸುದರ್ಶನ ಕೆರೆಯ ದುರಸ್ತಿಗೆ ಪ್ರಜೆಗಳನ್ನು ತೆರಿಗೆಯಿಂದಾಗಲಿ ವಿಷ್ಟಿಯಿಂದಾಗಲಿ ಪೀಡಿಸಲಿಲ್ಲವೆಂದು ರುದ್ರದಾಮನನನ್ನು ಹೊಗಳುತ್ತದೆ. ಕನ್ನಡ ಶಾಸನಗಳಲ್ಲಿ ಬಿಟ್ಟಿ ತೆರಿಗೆಗಳ ಸಾಲಿನಲ್ಲಿ ಕೂತಿದೆ. ಪಂಚಾಂಗದ ಕರಣಗಳಲ್ಲಿ ಶುಭಕಾರ್ಯಕ್ಕೆ ಒಲ್ಲದ ಭದ್ರೆಗೂ ವಿಷ್ಟಿಯೆಂದೇ ಹೆಸರು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ, 1948ರವರೆಗೂ ನಮ್ಮ ಕುಂಚಾವರಂ ಸೇರಿದ್ದ ನಾಡಿನಲ್ಲಿ, ವೆಟ್ಟಿ ಚಾಕರಿ ಎಂದರೆ 'ಗಡಿ' ಎಂದು ಕರೆಯುವ ಜಮೀನ್ದಾರನ ಮನೆಗೆ ಕೂಲಿಯಿಲ್ಲದೆ ಗೇಯುವುದು. 1946ರಲ್ಲಿ ಎದ್ದ ತೆಲಂಗಾಣದ ರೈತ ಹೋರಾಟಕ್ಕೆ ಅದೂ ಒಂದು ಕಿಡಿ.

ಇಷ್ಟು ಬೆವರು ಕುಡಿದ ಪದ ಇಂದು 'ಬಿಟ್ಟಿ ಸಿಕ್ಕಿತು' ಎಂಬಲ್ಲಿಗೆ ಬಂದು ತಂಗಿದೆ. ಕೊಡುವವನ ಕಷ್ಟಕ್ಕಿದ್ದ ಹೆಸರು ಪಡೆಯುವವನ ಲಾಭಕ್ಕೆ ಹೊರಳಿತು. ದುಡಿದವನು ವಾಕ್ಯದಿಂದಲೇ ಜಾರಿಹೋದ.

ಮೋಟಾರಿನ ಹವ್ಯಾಸಿ ಹುಡುಕುವುದು ಹೀಗೆ ಜಾರಿಹೋದವನನ್ನೇ. ಅಮೆರಿಕದ ಜಾನ್ ಬೆಡಿನಿಯ ಹೆಸರಿನಲ್ಲಿ ಹಬ್ಬಿದ ವಿನ್ಯಾಸವನ್ನು ನೋಡೋಣ: ಅಂಚಿಗೆ ಅಯಸ್ಕಾಂತ ಅಂಟಿಸಿದ ಚಕ್ರ, ತಾಮ್ರದ ತಂತಿ ಸುತ್ತಿದ ಕಾಯಿಲು, ಒಂದು ಟ್ರಾನ್ಸಿಸ್ಟರ್, ಎರಡು 12 ವೋಲ್ಟಿನ ಬ್ಯಾಟರಿ. ಮೊದಲ ಬ್ಯಾಟರಿ ಚಕ್ರ ತಿರುಗಿಸುತ್ತದೆ. ಕಾಯಿಲಿನ ಕರೆಂಟು ಕಡಿದಾಗಲೆಲ್ಲ ಚಿಮ್ಮುವ ವೋಲ್ಟೇಜು ಎರಡನೆಯದನ್ನು ಚಾರ್ಜು ಮಾಡುತ್ತದೆ. ಮೀಟರು ಹಚ್ಚಿದರೆ ಎರಡನೆಯದರ ಮುಳ್ಳು ಏರುತ್ತಲೇ ಇರುತ್ತದೆ. ಮೊದಲನೆಯದು ಇಳಿದದ್ದು ಒಮ್ಮೆಲೇ ಕಣ್ಣಿಗೆ ಬೀಳದು. ಹಿಗ್ಗುವವರು ಅಲ್ಲಿಗೇ ನಿಲ್ಲುತ್ತಾರೆ. ಪಳಗಿದ ಹವ್ಯಾಸಿ ಮಾತ್ರ ವೋಲ್ಟೇಜನ್ನು ನಂಬುವುದಿಲ್ಲ, ಏಕೆಂದರೆ ಸೀಸದ ತಟ್ಟೆಗಳ ಮೇಲ್ಮೈ ಚಾರ್ಜೇ ಅದನ್ನು ಏರಿಸಿ ತೋರಿಸಬಲ್ಲದು, ಮೇಲಾಗಿ ಬಿಟ್ಟುಬಿಟ್ಟು ಹರಿಯುವ ಕರೆಂಟನ್ನು ಸಾಮಾನ್ಯ ಮೀಟರು ಸರಿಯಾಗಿ ಓದುವುದೂ ಇಲ್ಲ. ಎರಡಕ್ಕೂ ಒಂದೇ ಬಗೆಯ ಬಲ್ಬು ಹಚ್ಚಿ, ಎಷ್ಟು ಹೊತ್ತು ಉರಿಯಿತೆಂದು ಬರೆದಿಟ್ಟು, ವ್ಯಾಟ್-ಗಂಟೆಗಳಲ್ಲಿ ಜಮಾಖರ್ಚು ತಾಳೆ ನೋಡುತ್ತಾನೆ. ಎರಡನೆಯದು ಗಳಿಸಿದ್ದು ಮೊದಲನೆಯದು ಕಳೆದುಕೊಂಡದ್ದಕ್ಕಿಂತ ಕಡಿಮೆ; ಉಳಿದದ್ದು ತಂತಿಯ ಕಾವಾಗಿ, ಬೇರಿಂಗಿನ ತಿಕ್ಕಾಟವಾಗಿ, ಚಕ್ರ ಕಲಕಿದ ಗಾಳಿಯಾಗಿ ಹೋಗಿದೆ. ಬಿಟ್ಟಿ ದುಡಿದದ್ದು ಮೊದಲ ಬ್ಯಾಟರಿ.

ಕರ್ನಾಟಕದಲ್ಲೂ ಈ ಆಸೆಗೆ ದೊಡ್ಡ ಹೆಸರೊಂದಿದೆ. ಕೈಗಾ ಅಣುವಿದ್ಯುತ್ ಯೋಜನೆಯ ಹೊಣೆ ಹೊತ್ತಿದ್ದ ಇಂಜಿನಿಯರ್ ಪರಮಹಂಸ ತಿವಾರಿಯವರು ತಮ್ಮ ಜನರೇಟರು ಒಳಗೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಹೊರಗೆ ಕೊಡುತ್ತದೆಂದು ಪ್ರತಿಪಾದಿಸಿದರು. ಭೌತವಿಜ್ಞಾನ ಅದನ್ನು ಒಪ್ಪಿಲ್ಲ. ಇನ್ನೂ ಹಿಂದಕ್ಕೆ ಹೋದರೆ 'ಸ್ವಯಂವಹ' ಎಂಬ ಚೆಲುವಾದ ಶಬ್ದ ಸಿಗುತ್ತದೆ: ಪಾದರಸ ತುಂಬಿದ ಅರೆಗಳ, ತಾನೇ ತಿರುಗುವ ಚಕ್ರ. ಬ್ರಹ್ಮಗುಪ್ತ 628ರಲ್ಲಿ, ಭಾಸ್ಕರಾಚಾರ್ಯ 1150ರಲ್ಲಿ ಅದನ್ನು ವರ್ಣಿಸಿದ್ದಾರೆ. ನೀರಿನ ಆಸರೆಯಿಂದ ಓಡುವ ಯಂತ್ರಗಳನ್ನು ಭಾಸ್ಕರ 'ಸಾಪೇಕ್ಷ'ವೆಂದು, ಅಂದರೆ ಹೊರಗಿನದನ್ನು ನೆಚ್ಚಿದವೆಂದು ಕೀಳಾಗಿ ಕಾಣುತ್ತಾನೆ. ಯಾವುದನ್ನು ನೆಚ್ಚಿ ಓಡುತ್ತಿದೆ ಎಂಬ ಆ ಪ್ರಶ್ನೆಯನ್ನು ಪಾದರಸದ ಚಕ್ರಕ್ಕೂ ಹಾಕಿದ್ದರೆ ಅದು ನಿಂತುಬಿಡುತ್ತಿತ್ತು.

ಹೀಗಿರುವಾಗ ಈ ಮೋಟಾರಿಗೆ ನಾವು ಏನೆನ್ನೋಣ? 'ಮುಕ್ತ ಶಕ್ತಿ' ಆಗದು, ಆ ಹೆಸರು ಉಷ್ಣಗತಿಶಾಸ್ತ್ರದಲ್ಲಿ ಮೀಸಲಾಗಿದೆ. 1882ರಲ್ಲಿ ಅದರ ಜರ್ಮನ್ ಮೂಲವನ್ನು ಬಳಕೆಗೆ ತಂದವನು 1847ರಲ್ಲಿ ಶಕ್ತಿಯ ನಿತ್ಯತೆಯನ್ನು ಸಾರಿದ ಹೆಲ್ಮ್‌ಹೋಲ್ಟ್ಸನೇ. 'ಉಚಿತ'ವೂ ಇದಕ್ಕೆ ಸಲ್ಲದು. ಸಮಯೋಚಿತ, ಯಥೋಚಿತಗಳಲ್ಲಿ ಈಗಲೂ ಉಳಿದಿರುವಂತೆ ಅದರ ಮೂಲಾರ್ಥ ತಕ್ಕದ್ದು, ಸಲ್ಲತಕ್ಕದ್ದು. ಆ ಪದ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ವಿದ್ಯುತ್ ಯೋಜನೆಗೆ ಒಪ್ಪುತ್ತದೆ. 200 ಯೂನಿಟ್ಟುಗಳ ಮಿತಿಯೊಳಗಿನ ಆ ಕರೆಂಟನ್ನು ಬಿಟ್ಟಿ ಎಂದು ಹಂಗಿಸುವವರುಂಟು, ಆದರೆ ಅದರ ಹಣವನ್ನು ಸರ್ಕಾರ ಗೆಸ್ಕಾಂನಂಥ ವಿದ್ಯುತ್ ಕಂಪನಿಗಳಿಗೆ ಲೆಕ್ಕವಿಟ್ಟು ತುಂಬುತ್ತದೆ. ತೆರುವವನು ಕಣ್ಣೆದುರಿಗೇ ಇರುವಲ್ಲಿ ಉಚಿತವೆನ್ನೋಣ. ಬ್ಯಾಟರಿಯನ್ನು ಮರೆಯಲ್ಲಿ ದುಡಿಸಿಕೊಳ್ಳುವ ಚಕ್ರಕ್ಕೆ ಬಿಟ್ಟಿ ಮೋಟಾರೆಂದೇ ಕರೆಯೋಣ.